ಹಳ್ಳವನ್ನು ಅಳೆಯುವ ಮೊದಲೇ ಕಲ್ಲಿಗೆ ಟೆಂಡರ್ ಕರೆಯಬೇಡಿ

ಗೆ,
ಜೌಗು ಪ್ರದೇಶಗಳ ಸಮೀಕ್ಷೆಗೂ ಹಳ್ಳದ ದಂಡೆಗಳ ಪುನಶ್ಚೇತನಕ್ಕೂ ಎಂಜಿನಿಯರಿಂಗ್ ಸೇವೆಯನ್ನು ಆಹ್ವಾನಿಸುವ, ಆಯ್ಕೆ ಮಾಡುವ ಮತ್ತು ಮಂಜೂರು ಮಾಡುವ ಎಲ್ಲ ಅಧಿಕಾರಿಗಳಿಗೆ

ವಿಷಯ: ಪರಿಹಾರವನ್ನು ಟೆಂಡರ್ ದಾಖಲೆಯಲ್ಲಿ ಮೊದಲೇ ನಿಗದಿ ಮಾಡಿ, ಸಮೀಕ್ಷೆಯನ್ನು ಹೆಸರಿಗಷ್ಟೇ ಮಾಡಿಸುವ ಪದ್ಧತಿಯನ್ನು ಕೈಬಿಡುವ ಕುರಿತು

ಮಾನ್ಯರೇ,

ಸಲಹಾ ಸಂಸ್ಥೆಗಳ ಪರವಾಗಿ ಹಳ್ಳ, ತೊರೆ, ಜೌಗು ನೆಲಗಳನ್ನು ಅಳೆಯುವುದರಲ್ಲೇ ನನ್ನ ದುಡಿಮೆಯ ಬಹುಪಾಲು ಕಳೆದಿದೆ. ಲೆವೆಲ್ ಯಂತ್ರವಿಟ್ಟು ಹಳ್ಳದ ಅಡ್ಡಕೊಯ್ತ (ದಂಡೆಯಿಂದ ದಂಡೆಗೆ ಅಡ್ಡಲಾಗಿ ಅಳೆದ ಆಕಾರ) ತೆಗೆದಿದ್ದೇನೆ, ಆಗರ್ ತಿರುಗಿಸಿ ಮಣ್ಣು ಮೇಲೆತ್ತಿ ಅದರ ಬಣ್ಣ ಬರೆದುಕೊಂಡಿದ್ದೇನೆ, ಜೊಂಡಿನ ನಡುವೆ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಗಡಿಯ ಗೂಟ ನೆಟ್ಟಿದ್ದೇನೆ. ಯಾವುದೋ ಒಂದು ಕಚೇರಿಯ ಮೇಲೆ ದೂರು ಹೇಳಲೆಂದು ಈ ಪತ್ರ ಬರೆಯುತ್ತಿಲ್ಲ. ಕೆಳಗೆ ಹೇಳುವ ಕಾಮಗಾರಿಯ ಸ್ಥಳ, ಇಲಾಖೆ, ಸಂಸ್ಥೆಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಏಕೆಂದರೆ ಅಲ್ಲಿ ತಪ್ಪು ನಡೆದದ್ದು ಯಾರೊಬ್ಬರ ಅಪ್ರಾಮಾಣಿಕತೆಯಿಂದಲ್ಲ, ಎಲ್ಲರೂ ಪ್ರಾಮಾಣಿಕವಾಗಿ ಪಾಲಿಸಿದ ಒಂದು ಟೆಂಡರ್ ದಾಖಲೆಯಿಂದ. ಅದೇ ನಮೂನೆಯ ದಾಖಲೆಗಳು ಇಂದಿಗೂ ಸಹಿಯಾಗಿ ಹೊರಬೀಳುತ್ತಿವೆ ಎಂಬ ಸಂಕಟವೇ ನನ್ನನ್ನು ಬರೆಯಲು ಹಚ್ಚಿದೆ.

ಆ ಕಾಮಗಾರಿಯ ಶೀರ್ಷಿಕೆ ಬಹಳ ಚೆನ್ನಾಗಿತ್ತು: ಜೌಗು ಪ್ರದೇಶದ ಮೌಲ್ಯಮಾಪನ ಮತ್ತು ಹಳ್ಳದ ದಂಡೆಯ ಪುನಶ್ಚೇತನಕ್ಕೆ ಎಂಜಿನಿಯರಿಂಗ್ ಸೇವೆ. ಆದರೆ ಒಳಪುಟ ತೆರೆದರೆ ದಂಡೆಗೆ ಹಾಸುವ ಕಲ್ಲಿನ ಹೊದಿಕೆ ಎಷ್ಟು ಮೀಟರ್ ಉದ್ದ, ಎಷ್ಟು ಎತ್ತರ, ಯಾವ ಇಳಿಜಾರು, ಘನ ಮೀಟರಿಗೆ ಯಾವ ದರ ಎಂಬುದೆಲ್ಲ ಮೊದಲೇ ಅಚ್ಚಾಗಿತ್ತು. ಸಮೀಕ್ಷೆಗೆ ಮೀಸಲಾದದ್ದು ಒಂದೇ ಸಾಲು, ಒಂದೇ ಭೇಟಿ. ಕೆಳಗಿನ ಗೂಟದಿಂದ ಮೇಲಿನ ಗೂಟದವರೆಗಿನ ಭಾಗವನ್ನು ಮಾತ್ರ ಅಳೆಯಬೇಕು, ಅದರಾಚೆಗಿನ ಅಳತೆಗೆ ಹಣ ಪಾವತಿಯಿಲ್ಲ ಎಂಬ ಷರತ್ತೂ ಇತ್ತು. ಅಂದರೆ ರೋಗಿಯ ನಾಡಿ ಹಿಡಿಯುವ ಮೊದಲೇ ಔಷಧಿಯ ಚೀಟಿ ಬರೆದಾಗಿತ್ತು.

ನಾವು ಹೋದದ್ದು ಬೇಸಿಗೆಯ ಕೊನೆಯಲ್ಲಿ. ಹಳ್ಳದ ಎಡದಂಡೆಗೆ ಒತ್ತಿಕೊಂಡು ಉದ್ದಕ್ಕೂ ತಗ್ಗಾದ ಒಂದು ನೆಲವಿತ್ತು. ಮೇಲ್ಮೈ ಒಣಗಿ ಬಿರುಕು ಬಿಟ್ಟಿತ್ತು. ನಾಲ್ಕು ಕಡೆ ಆಗರ್ ಇಳಿಸಿದೆವು. ಮೇಲಿನ ಗೇಣುದ್ದದ ಕಪ್ಪು ಮಣ್ಣು ದಾಟುತ್ತಲೇ ಬೂದು ಬಣ್ಣದ ಜೇಡಿ ಬಂತು. ಹಳೆಯ ಬೇರುಗಳು ಹಾದುಹೋಗಿದ್ದ ಸಣ್ಣ ಸಣ್ಣ ನಾಳಗಳ ಸುತ್ತ ಕಿತ್ತಳೆ-ಕೆಂಪಿನ ತುಕ್ಕಿನ ಗೆರೆಗಳಿದ್ದವು. ಈ ಕೆಲಸ ಬಲ್ಲವರಿಗೆ ಆ ಬಣ್ಣಗಳು ಓದಲು ಬರುವ ಬರಹವೇ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಮುಗಿದ ಮೇಲೆ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಕಬ್ಬಿಣವನ್ನೇ ಬಳಸಿಕೊಳ್ಳುತ್ತವೆ; ತುಕ್ಕಿನ ರೂಪದ ಕಬ್ಬಿಣ ಕರಗಿ ಸರಿದುಹೋಗುವುದರಿಂದ ಮಣ್ಣು ಬೂದಾಗುತ್ತದೆ. ಜೌಗು ಸಸ್ಯಗಳ ಬೇರಿನ ಮೂಲಕ ಗಾಳಿ ಇಳಿದ ಕಡೆ ಆ ಕಬ್ಬಿಣ ಮತ್ತೆ ತುಕ್ಕಾಗಿ ಕೂರುತ್ತದೆ. ಬೇಸಿಗೆಯಲ್ಲಿ ನೀರು ಕಾಣದಿದ್ದರೂ ವರ್ಷದ ಬೇರೊಂದು ಹೊತ್ತಿನಲ್ಲಿ ಇಲ್ಲಿ ನೀರು ದಿನಗಟ್ಟಲೆ ನಿಂತಿರುತ್ತದೆ ಎಂದು ಆ ಮಣ್ಣು ಹೇಳುತ್ತಿತ್ತು. ಆದರೆ ಮಣ್ಣೊಂದನ್ನೇ ನಂಬಿ ತೀರ್ಪು ಕೊಡುವಂತಿಲ್ಲ. ನೀರು ಬಸಿದುಹೋಗಿ ಎಷ್ಟೋ ವರ್ಷಗಳಾದ ಮೇಲೂ ಈ ಬಣ್ಣಗಳು ಉಳಿದಿರಬಹುದು. ಆದ್ದರಿಂದಲೇ ಅಮೆರಿಕದ ಸೇನಾ ಎಂಜಿನಿಯರುಗಳ ದಳ 1987ರಲ್ಲಿ ಹೊರತಂದ ಜೌಗು ಗಡಿ ಗುರುತಿಸುವ ಕೈಪಿಡಿ ಸಸ್ಯ, ಮಣ್ಣು, ನೀರು ಎಂಬ ಮೂರೂ ಸಾಕ್ಷಿಗಳನ್ನು ಕೇಳುತ್ತದೆ. ನೀರಿನ ಸಾಕ್ಷಿಯ ಬಗ್ಗೆ ಸಂದೇಹವಿದ್ದಾಗ ಅದೇ ದಳ ಬಳಸುವ ಅಳತೆಗೋಲು ಇನ್ನೂ ಖಚಿತವಾದದ್ದು: ಸಸ್ಯ ಬೆಳೆಯುವ ಕಾಲದಲ್ಲಿ ಸತತ 14 ದಿನವಾದರೂ ನೀರು ನೆಲದ ಮೇಲೆ ನಿಂತಿರಬೇಕು ಅಥವಾ ನೆಲಮಟ್ಟದಿಂದ ಸುಮಾರು 30 ಸೆಂಟಿಮೀಟರ್ ಒಳಗಿರಬೇಕು, ಅದೂ 10 ವರ್ಷಗಳಲ್ಲಿ ಕನಿಷ್ಠ 5 ವರ್ಷ ಹಾಗಾಗಬೇಕು. ಒಂದು ದಿನದ ಭೇಟಿಯಲ್ಲಿ ಇದನ್ನು ಅಳೆಯಲು ಯಾರಿಗೂ ಸಾಧ್ಯವಿಲ್ಲ.

ನಮೂನೆಯಲ್ಲಿದ್ದ ಪ್ರಶ್ನೆ ಮಾತ್ರ ಹೀಗಿತ್ತು: ಭೇಟಿಯ ದಿನ ನೀರು ಕಂಡುಬಂದಿದೆಯೇ? ಇಲ್ಲ ಎಂದು ಬರೆದವನು ನಾನೇ. ಅದು ಸುಳ್ಳಲ್ಲ. ಮಣ್ಣಿನ ವಿವರವನ್ನು ಷರಾ ಕಾಲಮಿನಲ್ಲಿ ಬರೆದೆ. ವರದಿ ಸಿದ್ಧವಾಗಿ ಬಂದಾಗ ಅದು ಕೊನೆಯ ಅನುಬಂಧವೊಂದರ ಮೂಲೆ ಸೇರಿತ್ತು. ಮುಖ್ಯ ಪುಟದಲ್ಲಿ ಉಳಿದದ್ದು ಆ ಒಂದು "ಇಲ್ಲ" ಮಾತ್ರ. ಆ ಪದ ಬರೆದ ನನ್ನ ಕೈಗೂ ಇದರಲ್ಲಿ ಪಾಲಿದೆ ಎಂದು ನಾನು ಒಪ್ಪಿಕೊಂಡಿದ್ದೇನೆ; ಹಾಗೆ ಒಪ್ಪಿಕೊಂಡ ಮೇಲೆಯೇ ತಮ್ಮನ್ನು ಕೇಳುವ ಧೈರ್ಯ ಬಂದದ್ದು.

ಅದೇ ದಿನ ಮಧ್ಯಾಹ್ನದ ಬಿಡುವಿನಲ್ಲಿ ಹಳ್ಳದ ಜಾಡು ಹಿಡಿದು ಕೆಳಕ್ಕೆ ನಡೆದೆ. ಕೆಳಗಿನ ಗೂಟದಿಂದ ಇನ್ನೂರು ಹೆಜ್ಜೆ ದಾಟುತ್ತಿದ್ದಂತೆ ಹಳ್ಳದ ತಳ ಒಮ್ಮೆಲೇ ಸೊಂಟದುದ್ದ ಕುಸಿದು ಮೆಟ್ಟಿಲಿನಂತೆ ನಿಂತಿತ್ತು. ಅದರ ಕೆಳಗಿನ ಭಾಗದಲ್ಲಿ ಹಿಂದೆಂದೋ ತಿರುವುಗಳನ್ನು ಕಡಿದು ಹಳ್ಳವನ್ನು ನೇರ ಕಾಲುವೆಯಾಗಿ ಮಾಡಲಾಗಿತ್ತು. ದಾರಿ ಗಿಡ್ಡವಾದರೆ ಇಳಿಜಾರು ಹೆಚ್ಚುತ್ತದೆ. ಇಳಿಜಾರು ಹೆಚ್ಚಿದ ನೀರು ತಳವನ್ನು ಕೊರೆಯುತ್ತದೆ. ಆ ಕೊರೆತದ ಮೆಟ್ಟಿಲು ಪ್ರತಿ ನೆರೆಗೂ ಒಂದಿಷ್ಟು ಮೇಲ್ದಿಕ್ಕಿಗೆ ಏರುತ್ತಾ ಬರುತ್ತದೆ. ಇದು ಹೊಸ ತಿಳಿವಳಿಕೆಯಲ್ಲ. ಹರಿವಿನ ಪ್ರಮಾಣ ಮತ್ತು ಇಳಿಜಾರು ತಕ್ಕಡಿಯ ಒಂದು ತಟ್ಟೆಯಲ್ಲಿ, ನೀರು ಹೊತ್ತೊಯ್ಯುವ ಮರಳು-ಜಲ್ಲಿಯ ಪ್ರಮಾಣ ಮತ್ತು ಗಾತ್ರ ಇನ್ನೊಂದರಲ್ಲಿ ಎಂಬ ಸಂಬಂಧವನ್ನು ಎಂಜಿನಿಯರ್ ಎಮೊರಿ ಲೇನ್ 1955ರಲ್ಲೇ ಮುಂದಿಟ್ಟಿದ್ದರು. ಆ ಮೆಟ್ಟಿಲು ನಮ್ಮ ಕಾಮಗಾರಿಯ ದಿಕ್ಕಿಗೇ ಮುಖ ಮಾಡಿ ಬರುತ್ತಿತ್ತು. ಆದರೆ ಅದು ಟೆಂಡರಿನ ಗೂಟದ ಆಚೆಗಿತ್ತು. ಹಾಗಾಗಿ ಯಾವ ನಕ್ಷೆಯಲ್ಲೂ ಬರಲಿಲ್ಲ.

ಕಲ್ಲಿನ ಹೊದಿಕೆ ನಿಗದಿತ ಅವಧಿಯೊಳಗೆ ಮುಗಿಯಿತು. ಕೆಲಸ ಅಚ್ಚುಕಟ್ಟಾಗಿತ್ತು, ಗುತ್ತಿಗೆದಾರರನ್ನು ದೂರುವಂಥದ್ದು ನನಗೇನೂ ಕಾಣಲಿಲ್ಲ. ಮೊದಲ ಮಳೆಗಾಲ ದಾಟಿತು. ಎರಡನೆಯದರಲ್ಲಿ ನೆರೆ ಬಂದಾಗ ನಾನು ಸ್ವಂತ ಆಸಕ್ತಿಯಿಂದ ನೋಡಲು ಹೋಗಿದ್ದೆ. ನೀರು ತುಂಬಿ ಹರಿಯುತ್ತಿದ್ದಾಗ ಒಂದು ಕಲ್ಲೂ ಅಲುಗಲಿಲ್ಲ. ಸಂಜೆಗೆ ನೆರೆ ಇಳಿಯತೊಡಗಿತು. ರಾತ್ರಿ ಎರಡು ಸಲ ಭಾರವಾದ ಸದ್ದು ಕೇಳಿಸಿತು. ಬೆಳಗ್ಗೆ ನೋಡಿದರೆ ಹೊದಿಕೆಯ ಮಧ್ಯಭಾಗ ದಂಡೆಯ ಮಣ್ಣಿನ ಸಮೇತ ಹಳ್ಳದ ತಳಕ್ಕೆ ಜಾರಿ ಮಲಗಿತ್ತು. ಮೇಲ್ತುದಿಯಲ್ಲಿ ನೀರು ಕಲ್ಲಿನ ಬೆನ್ನ ಹಿಂದೆ ನುಗ್ಗಿ ಹೊಸ ದಾರಿ ಕೊರೆದಿತ್ತು. ತಳ ನಾವು ಅಳೆದಿದ್ದ ಮಟ್ಟದಿಂದ ಬಹಳ ಕೆಳಗೆ ಇಳಿದಿತ್ತು; ಉಳಿದ ಕಲ್ಲುಗಳ ಬುಡ ಗಾಳಿಯಲ್ಲಿ ತೂಗುತ್ತಿತ್ತು. ಆ ಮೆಟ್ಟಿಲು ಕಾಮಗಾರಿಯನ್ನು ದಾಟಿ ಮೇಲಕ್ಕೆ ಹೋಗಿಯಾಗಿತ್ತು.

ದಂಡೆ ಕುಸಿಯುವುದು ಹೆಚ್ಚಾಗಿ ನೆರೆ ಏರುವಾಗಲ್ಲ, ಇಳಿಯುವಾಗ ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು, ಏಕೆಂದರೆ ಮಂಜೂರಾತಿಯ ಸಭೆಗಳಲ್ಲಿ ನೀರಿನ ವೇಗದ ಮಾತು ಮಾತ್ರ ನಡೆಯುತ್ತದೆ. ನೆರೆಯ ಹೊತ್ತಿನಲ್ಲಿ ದಂಡೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆದರೆ ಹಳ್ಳದ ತುಂಬ ಇರುವ ನೀರೇ ಅದಕ್ಕೆ ಒತ್ತಾಸೆಯಾಗಿ ನಿಂತಿರುತ್ತದೆ. ನೀರು ಬೇಗ ಇಳಿದಾಗ ಆ ಒತ್ತಾಸೆ ತಪ್ಪುತ್ತದೆ, ಮಣ್ಣಿನೊಳಗಿನ ನೀರು ಮಾತ್ರ ಅಷ್ಟು ಬೇಗ ಬಸಿಯುವುದಿಲ್ಲ. ಕಲ್ಲಿನ ಹಿಂದೆ ಸರಿಯಾದ ಸೋಸುಪದರ ಇಲ್ಲದಿದ್ದರೆ ಹೊರಬರುವ ನೀರು ನುಣ್ಣನೆಯ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಇದಕ್ಕೆಲ್ಲ ಎಂಜಿನಿಯರಿಂಗಿನಲ್ಲಿ ಉತ್ತರವಿದೆ: ಸೋಸುಪದರ ಹಾಕಬಹುದು, ಬುಡವನ್ನು ಕೊರೆತದ ಆಳಕ್ಕಿಂತ ಕೆಳಗೆ ಇಳಿಸಬಹುದು, ಎರಡೂ ತುದಿಗಳನ್ನು ದಂಡೆಯ ಒಳಕ್ಕೆ ಹುದುಗಿಸಬಹುದು. ಆದರೆ ತಳವೇ ಇಳಿಯುತ್ತಿರುವ ಹಳ್ಳದಲ್ಲಿ ದಂಡೆಯನ್ನು ಮಾತ್ರ ಕಟ್ಟಿದರೆ, ಅಡಿಪಾಯ ಕುಸಿಯುತ್ತಿರುವ ಮನೆಯ ಗೋಡೆಗೆ ಗಾರೆ ಬಳಿದಂತೆ. ತಳ ಇಳಿದಷ್ಟೂ ದಂಡೆ ಎತ್ತರವಾಗುತ್ತದೆ. ಮಣ್ಣು ತಾಳುವ ಎತ್ತರ ಮೀರಿದೊಡನೆ ಅದು ಕುಸಿದು ಹಳ್ಳ ಅಗಲವಾಗುತ್ತದೆ. ಕುಸಿದ ಮಣ್ಣು ಕೆಳಗೆ ಕೂತು, ತಗ್ಗಿನಲ್ಲೊಂದು ಹೊಸ ಪುಟ್ಟ ನೆರೆಬಯಲು ಕಟ್ಟಿಕೊಂಡ ಮೇಲೆ ಹಳ್ಳ ನೆಲೆ ನಿಲ್ಲುತ್ತದೆ. 1980ರ ದಶಕದಲ್ಲಿ ಸ್ಟ್ಯಾನ್ಲಿ ಶೂಮ್, ಆಂಡ್ರ್ಯೂ ಸೈಮನ್ ಮುಂತಾದವರು ಈ ಹಂತಗಳನ್ನು ಕ್ರಮವಾಗಿ ವಿವರಿಸಿದ್ದಾರೆ. ಯಾವ ಹಂತದಲ್ಲಿರುವ ಹಳ್ಳ ಎಂದು ತಿಳಿಯದೆ ವಿನ್ಯಾಸ ಮಾಡುವುದು ಕತ್ತಲಲ್ಲಿ ಕಲ್ಲೆಸೆದಂತೆ.

ನನ್ನನ್ನು ಇಂದಿಗೂ ಕಾಡುವುದು ಆ ಕಲ್ಲಿಗಿಂತ ಹೆಚ್ಚಾಗಿ ಎಡದಂಡೆಯ ಆ ನೆಲ. ಹಳ್ಳದ ತಳ ಇಳಿದ ಮೇಲೆ ಅದರ ಬದಿಯ ಅಂತರ್ಜಲ ಆ ಆಳವಾದ ಚರಂಡಿಯ ಕಡೆಗೆ ಬಸಿಯತೊಡಗಿತು. ಮರುವರ್ಷ ಮಳೆಗಾಲದ ನಟ್ಟನಡುವೆ ಅಲ್ಲಿಗೆ ಹೋದಾಗ ಜೊಂಡು ತೆಳುವಾಗಿತ್ತು, ಒಣನೆಲದ ಕಳೆಗಿಡಗಳು ಒಳಕ್ಕೆ ನುಗ್ಗಿದ್ದವು. ನೆರೆಯ ನೀರನ್ನು ಹರಡಿಕೊಂಡು ನಿಧಾನಗೊಳಿಸುತ್ತಿದ್ದ, ಹೂಳನ್ನು ಹಿಡಿದಿಡುತ್ತಿದ್ದ, ಬೇಸಿಗೆಯಲ್ಲಿ ಹಳ್ಳಕ್ಕೆ ತೊಟ್ಟು ತೊಟ್ಟಾಗಿ ನೀರು ಮರಳಿಸುತ್ತಿದ್ದ ನೆಲ ಅದು. ಅದು ಒಣಗಿದರೆ ಮುಂದಿನ ನೆರೆಯೆಲ್ಲ ಹಳ್ಳದ ಪಾತ್ರದೊಳಗೇ ನುಗ್ಗುತ್ತದೆ, ದಂಡೆ ಇನ್ನಷ್ಟು ಕೊರೆಯುತ್ತದೆ. ತಮ್ಮ ದಾಖಲೆಗಳಲ್ಲಿ ಜೌಗು ಸಮೀಕ್ಷೆ ಒಂದು ಬಾಬ್ತು, ದಂಡೆ ಪುನಶ್ಚೇತನ ಇನ್ನೊಂದು ಬಾಬ್ತು. ನೆಲದ ಮೇಲೆ ಅವೆರಡೂ ಒಂದೇ ನೀರು.

ಇದು ನಾನೊಬ್ಬ ಕಂಡ ಅಪರೂಪದ ಅವಘಡವಾಗಿದ್ದರೆ ಬಹಿರಂಗ ಪತ್ರ ಬರೆಯುವ ಅಗತ್ಯವಿರಲಿಲ್ಲ. ಕ್ಯಾಲಿಫೋರ್ನಿಯಾದ ಯೂವಾಸ್ ಕ್ರೀಕಿನ ಸುಮಾರು 900 ಮೀಟರ್ ಭಾಗವನ್ನು 1995ರ ನವೆಂಬರಿನಲ್ಲಿ ಚೆಂದದ ತಿರುವುಗಳಿರುವ ಹಳ್ಳವಾಗಿ ಮರುನಿರ್ಮಿಸಲಾಯಿತು. 1996ರ ಫೆಬ್ರುವರಿಯಲ್ಲಿ ಅದು ಕೊಚ್ಚಿಹೋಯಿತು. ಹಳೆಯ ದಾಖಲೆಗಳನ್ನು ಆಮೇಲೆ ಪರಿಶೀಲಿಸಿದ ಮಥಿಯಾಸ್ ಕಾಂಡಾಲ್ಫ್ ಮತ್ತು ಸಂಗಡಿಗರಿಗೆ, ಆ ಹಳ್ಳ ಅಂಥ ಶಾಂತ ತಿರುವುಗಳಲ್ಲಿ ಹರಿಯುವ ಜಾತಿಯದ್ದೇ ಅಲ್ಲ ಎಂಬುದು ಕಂಡುಬಂತು. ಅಲ್ಲಿ ಕಲ್ಲಿನ ಬದಲು ತಿರುವನ್ನು ಮೊದಲೇ ತೀರ್ಮಾನಿಸಿದ್ದರು, ಅಷ್ಟೇ ವ್ಯತ್ಯಾಸ. ಫ್ಲಾರಿಡಾದ ಕಿಸಿಮ್ಮಿ ನದಿಯ ಕಥೆ ಇದಕ್ಕಿಂತ ದೊಡ್ಡದು. ಸುಮಾರು 166 ಕಿಲೋಮೀಟರ್ ಬಳಸಿ ಹರಿಯುತ್ತಿದ್ದ ಆ ನದಿಯನ್ನು 1962ರಿಂದ 1971ರ ನಡುವೆ ಸುಮಾರು 90 ಕಿಲೋಮೀಟರಿನ ಕಾಲುವೆಯಾಗಿ ನೇರ ಮಾಡಿದರು. ಅಕ್ಕಪಕ್ಕದ ಜೌಗು ಬಯಲು ಒಣಗಿತು. ಅದರ ಒಂದು ಭಾಗವನ್ನು ಮತ್ತೆ ಮೊದಲಿನಂತೆ ಮಾಡುವ ಕಾಮಗಾರಿ 1999ರಲ್ಲಿ ಶುರುವಾಗಿ 2021ರವರೆಗೆ ನಡೆಯಿತು. ನೇರ ಮಾಡಲು 9 ವರ್ಷ ಸಾಕಾಗಿತ್ತು, ಒಂದು ಭಾಗವನ್ನು ಮರಳಿ ಬಾಗಿಸಲು 22 ವರ್ಷ ಬೇಕಾಯಿತು. ಇನ್ನು ಅಮೆರಿಕದ 37,000ಕ್ಕೂ ಹೆಚ್ಚು ನದಿ ಪುನಶ್ಚೇತನ ಯೋಜನೆಗಳ ದಾಖಲೆಗಳನ್ನು ಒಟ್ಟುಮಾಡಿ 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲಸದ ನಂತರ ಯಾವುದೇ ರೀತಿಯ ಮೌಲ್ಯಮಾಪನ ನಡೆದ ಸುಳಿವು ಸಿಕ್ಕದ್ದು ಕೇವಲ ಶೇಕಡ 10ರಷ್ಟು ದಾಖಲೆಗಳಲ್ಲಿ. ಮಿಕ್ಕವು ಗೆದ್ದವೋ ಸೋತವೋ ಎಂದು ಹೇಳಲು ಕಾಗದದಲ್ಲಿ ಆಧಾರವೇ ಇರಲಿಲ್ಲ.

ತಮ್ಮ ಕಡೆಯ ತೊಡಕುಗಳನ್ನು ನಾನು ಬಲ್ಲೆ. ಆರ್ಥಿಕ ವರ್ಷ ಮುಗಿಯುವುದರೊಳಗೆ ಅನುದಾನ ಬಳಕೆಯಾಗಬೇಕು. ಕಡಿಮೆ ದರದವರನ್ನು ಬಿಟ್ಟರೆ ಲೆಕ್ಕಪರಿಶೋಧಕರು ಪ್ರಶ್ನಿಸುತ್ತಾರೆ. ದಂಡೆ ಕುಸಿದು ಜಮೀನು ಕಳೆದುಕೊಳ್ಳುತ್ತಿರುವವರು ಬಾಗಿಲಿಗೆ ಬಂದು ಗೋಡೆ ಬೇಕೆಂದಾಗ ಒಂದು ವರ್ಷ ನೀರಿನ ಮಟ್ಟ ಅಳೆಯುತ್ತೇವೆ ಎಂದು ಹೇಳುವುದು ಸುಲಭವಲ್ಲ. ಆದರೂ ಒಂದು ಮಾತು ಹೇಳಲೇಬೇಕು: ಸಿಮೆಂಟು, ಕಬ್ಬಿಣಗಳ ದರವನ್ನು ಹೋಲಿಸಬಹುದು, ಏಕೆಂದರೆ ಎಲ್ಲರೂ ಕೊಡುವುದು ಅದೇ ವಸ್ತು. ಸಮೀಕ್ಷೆ ಹಾಗಲ್ಲ. ಅರ್ಧ ದರಕ್ಕೆ ಒಪ್ಪಿದವರು ಅರ್ಧದಷ್ಟೇ ಅಳೆಯುತ್ತಾರೆ, ಮತ್ತು ಅಳೆಯದೆ ಬಿಟ್ಟದ್ದು ವರದಿಯಲ್ಲಿ ಕಾಣುವುದೂ ಇಲ್ಲ. ಈ ಕಾರಣಕ್ಕೇ ಅಮೆರಿಕದ ಕೇಂದ್ರ ಸರ್ಕಾರ 1972ರ ಬ್ರೂಕ್ಸ್ ಕಾಯಿದೆಯ ಪ್ರಕಾರ ಎಂಜಿನಿಯರಿಂಗ್ ಸೇವೆಗೆ ಮೊದಲು ಅರ್ಹತೆಯನ್ನು ನೋಡಿ ಸಂಸ್ಥೆಯನ್ನು ಆರಿಸುತ್ತದೆ. ದರದ ಮಾತುಕತೆ ಆಮೇಲೆ ನಡೆಯುತ್ತದೆ. ಇಂಥ ಕ್ರಮ ಲೆಕ್ಕಪರಿಶೋಧನೆಗೆ ನಿಲ್ಲುವುದಿಲ್ಲ ಎಂಬ ಅಂಜಿಕೆಗೆ ಆಧಾರವಿಲ್ಲ.

ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಇಷ್ಟು: ಸಮೀಕ್ಷೆಯನ್ನು ಮೊದಲ ಹಂತವಾಗಿ ಬೇರೆಯೇ ಒಪ್ಪಂದದಲ್ಲಿ ಕರೆಯಿರಿ, ಮತ್ತು ಆ ಹಂತದ ದಾಖಲೆಯಲ್ಲಿ ಕಲ್ಲು, ಗೇಬಿಯನ್ (ಕಲ್ಲು ತುಂಬಿದ ತಂತಿಬಲೆಯ ಪೆಟ್ಟಿಗೆ), ಕಾಂಕ್ರೀಟ್ ಎಂಬ ಯಾವ ಪರಿಹಾರದ ಹೆಸರೂ ಬಾರದಿರಲಿ. ಅಂತರ್ಜಲದ ಅಳತೆ ಕೊಳವೆಗಳನ್ನು ಇಳಿಸಿ ಕನಿಷ್ಠ ಒಂದು ಪೂರ್ತಿ ವರ್ಷ, ಮಳೆಗಾಲವನ್ನೂ ಬೇಸಿಗೆಯನ್ನೂ ಸೇರಿಸಿ, ಮಟ್ಟವನ್ನು ದಾಖಲಿಸುವುದು ಕಡ್ಡಾಯವಾಗಲಿ. ಆ ವರ್ಷದ ಮಳೆ ಸಾಮಾನ್ಯವಾಗಿತ್ತೋ ಅಸಾಮಾನ್ಯವಾಗಿತ್ತೋ ಎಂದು ಹಳೆಯ ಮಳೆ ದಾಖಲೆಯೊಂದಿಗೆ ಹೋಲಿಸಿ ಬರೆಯಲಿ. ಅಳತೆಯ ಗೂಟಗಳು ಕಾಮಗಾರಿಯ ಗಡಿಯಲ್ಲೇ ನಿಲ್ಲದೆ, ಹಳ್ಳದ ತಳದ ಉದ್ದಕೊಯ್ತ (ಹರಿವಿನ ಉದ್ದಕ್ಕೂ ತಳದ ಮಟ್ಟದ ಅಳತೆ) ಮೇಲಕ್ಕೂ ಕೆಳಕ್ಕೂ ಸಾಕಷ್ಟು ದೂರ ಹೋಗಲಿ, ತಳ ಇಳಿಯುತ್ತಿದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ ಬರುವವರೆಗೆ. ಇಷ್ಟಕ್ಕೆ ತಗಲುವ ಖರ್ಚು ಒಂದು ಸಲ ಕುಸಿದ ದಂಡೆಯನ್ನು ಮತ್ತೆ ಕಟ್ಟುವ ಖರ್ಚಿನ ಮುಂದೆ ಚಿಕ್ಕದು. ಜಮೀನು ಕಳೆದುಕೊಳ್ಳುತ್ತಿರುವವರಿಗೆ ಆ ಒಂದು ವರ್ಷದ ಮಟ್ಟಿಗೆ ತಾತ್ಕಾಲಿಕ ರಕ್ಷಣೆ ಕೊಡಬಹುದು. ಅದನ್ನು ತಾತ್ಕಾಲಿಕ ಎಂದೇ ಕರೆಯಿರಿ.

ವಿನ್ಯಾಸದ ಹಂತದಲ್ಲಿ, ಕಟ್ಟಡವಿಲ್ಲದ ಉತ್ತರಗಳಿಗೂ ಜಾಗವಿರಲಿ. ಕೆಲವು ಕಡೆ ಹಳ್ಳಕ್ಕೆ ಹತ್ತಾರು ಮೀಟರ್ ಜಾಗ ಬಿಟ್ಟುಕೊಟ್ಟು, ಆ ಪಟ್ಟಿಯ ಒಡೆಯರಿಗೆ ಪರಿಹಾರ ಕೊಟ್ಟರೆ ಗೋಡೆಯೇ ಬೇಕಾಗುವುದಿಲ್ಲ. ಕೆಲವು ಕಡೆ ತಳದಲ್ಲಿ ಕಲ್ಲಿನ ತಗ್ಗು ಅಡ್ಡಸಾಲುಗಳನ್ನಿಟ್ಟು ಕೊರೆತದ ಮೆಟ್ಟಿಲನ್ನು ತಡೆದರೆ ಸಾಕು, ದಂಡೆ ತಾನಾಗಿ ನಿಲ್ಲುತ್ತದೆ. ಬುಡಕ್ಕೆ ಮಾತ್ರ ಕಲ್ಲು ಹಾಕಿ, ಮೇಲಿನ ಇಳಿಜಾರನ್ನು ಕಡಿದಾಗಿರದಂತೆ ಕತ್ತರಿಸಿ, ನಾರಿನ ಹಾಸು ಹೊದಿಸಿ, ನೀರಿನಂಚಿನ ಗಿಡಗಳ ಜೀವಂತ ಕಡ್ಡಿಗಳನ್ನು ನೆಡುವ ಕ್ರಮ ಎಷ್ಟೋ ದೇಶಗಳಲ್ಲಿ ರೂಢಿಯಲ್ಲಿದೆ. ನಾರು ಕೆಲವು ವರ್ಷಗಳಲ್ಲಿ ಕೊಳೆತುಹೋಗುತ್ತದೆ, ಅಷ್ಟರಲ್ಲಿ ಬೇರು ಮಣ್ಣನ್ನು ಹಿಡಿದಿರುತ್ತದೆ. ಆದರೆ ಆ ಕಡ್ಡಿಗಳನ್ನು ಗಿಡ ಸುಪ್ತಾವಸ್ಥೆಯಲ್ಲಿರುವಾಗ ಕತ್ತರಿಸಬೇಕು, ಮೊಗ್ಗು ಮೇಲ್ಮುಖವಾಗಿ, ಬಹುಪಾಲು ಉದ್ದ ಮಣ್ಣಿನೊಳಗೆ ತೇವ ಮುಟ್ಟುವಂತೆ ಇಳಿಸಬೇಕು. ಕಾರ್ಯಾದೇಶ ಯಾವ ತಿಂಗಳು ಕೈಗೆ ಬಂತೋ ಆ ತಿಂಗಳು ನೆಟ್ಟರೆ ಅವು ಬದುಕುವುದಿಲ್ಲ. ಆಮೇಲೆ ಗಿಡದ ಪದ್ಧತಿ ಕೆಲಸಕ್ಕೆ ಬಾರದು ಎಂದು ಕಡತದಲ್ಲಿ ಬರೆಯಲಾಗುತ್ತದೆ. ಗಿಡ ನೆಡುವ ಕಾಲವನ್ನು ಒಪ್ಪಂದದಲ್ಲೇ ನಮೂದಿಸಿ, ಅದಕ್ಕೆ ತಕ್ಕಂತೆ ಅವಧಿ ಕೊಡಿ.

ಕಾಮಗಾರಿ ಮುಗಿದ ದಿನ ಅಳತೆ ಪುಸ್ತಕ ಮುಚ್ಚುವ ಪದ್ಧತಿಯೂ ಬದಲಾಗಬೇಕು. ನಾಶವಾದ ಜೌಗಿಗೆ ಪರ್ಯಾಯವಾಗಿ ಮಾಡುವ ಕೆಲಸಗಳಿಗೆ ಅಮೆರಿಕದ 2008ರ ನಿಯಮ ಕನಿಷ್ಠ 5 ವರ್ಷಗಳ ನಿಗಾ ಕೇಳುತ್ತದೆ. ನಮ್ಮ ಕೆಲಸಗಳಿಗೂ ಅಷ್ಟಾದರೂ ಇರಲಿ: ಅದೇ ಅಡ್ಡಕೊಯ್ತಗಳನ್ನು ಪ್ರತಿ ವರ್ಷ ಮತ್ತೆ ಅಳೆಯುವುದು, ಅದೇ ಕೊಳವೆಗಳಲ್ಲಿ ನೀರಿನ ಮಟ್ಟ ನೋಡುವುದು, ಗಿಡಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸುವುದು. ಇದಕ್ಕೆ ಬೇಕಾದ ಹಣವನ್ನು ಆರಂಭದಲ್ಲೇ ಬೇರೆ ಖಾತೆಯಲ್ಲಿಡಿ. ಇಲ್ಲವಾದರೆ ಎರಡನೆಯ ವರ್ಷಕ್ಕೇ ಅದು ಬೇರೆ ಕೆಲಸಕ್ಕೆ ಹೋಗುತ್ತದೆ. ಅಳತೆಗಳನ್ನು ಸಾರ್ವಜನಿಕರು ನೋಡುವಂತೆ ಪ್ರಕಟಿಸಿ, ಸೋತ ಕಾಮಗಾರಿಗಳದ್ದನ್ನೂ ಸೇರಿಸಿ. ಮುಂದಿನ ಎಂಜಿನಿಯರಿಗೆ ಗೆದ್ದದ್ದಕ್ಕಿಂತ ಅವೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಆ ಎಡದಂಡೆಯ ನೆಲ ಪೂರ್ತಿ ಸತ್ತಿಲ್ಲ ಎಂದು ನನ್ನ ನಂಬಿಕೆ. ಬೀಜಗಳು ಜೌಗು ಮಣ್ಣಿನಲ್ಲಿ ಬಹಳ ಕಾಲ ಜೀವ ಹಿಡಿದಿರುತ್ತವೆ. ಹಳ್ಳದ ತಳವನ್ನು ಮತ್ತೆ ಮೇಲೆತ್ತಿ ನೆರೆಯ ನೀರು ಬಯಲಿಗೆ ಹರಡುವಂತೆ ಮಾಡಿದರೆ ಜೊಂಡು ಮರಳಬಹುದು. ಈಗ ಅಲ್ಲಿ ಕುಸಿದ ಹೊದಿಕೆಯ ದುರಸ್ತಿಗೆ ಮತ್ತೊಂದು ಟೆಂಡರಿನ ಸಿದ್ಧತೆ ನಡೆದಿದೆ ಎಂದು ಕೇಳಿದ್ದೇನೆ. ಅದೇ ಉದ್ದ, ಇನ್ನೂ ದೊಡ್ಡ ಕಲ್ಲು. ಸಂಬಂಧಪಟ್ಟವರು ಈ ಪತ್ರ ಓದಿದರೆ ಅದು ತಮ್ಮದೇ ಹಳ್ಳ ಎಂದು ಗುರುತಿಸಬಲ್ಲರು. ಆ ದಾಖಲೆಗೆ ಸಹಿ ಹಾಕುವ ಮೊದಲು ದಯವಿಟ್ಟು ಒಂದು ಮಳೆಗಾಲ ಕಾಯಿರಿ. ನಾಲ್ಕು ಆಗರ್ ಗುಂಡಿಗಳ ಮಣ್ಣಿನ ವಿವರ, ಕೆಳಗಿನ ಮೆಟ್ಟಿಲಿನ ಎತ್ತರ, ಅಂದಿನ ತಳದ ಮಟ್ಟಗಳೆಲ್ಲ ಇರುವ ನನ್ನ ಕ್ಷೇತ್ರ ಟಿಪ್ಪಣಿ ಪುಸ್ತಕ ಇನ್ನೂ ನನ್ನ ಬಳಿ ಇದೆ. ತಾವು ಕರೆದ ದಿನ ಅದನ್ನು ತೆಗೆದುಕೊಂಡು ಬರುತ್ತೇನೆ, ಅದೇ ಗೂಟಗಳಿಂದ ಮತ್ತೆ ಅಳೆಯಲು ಸಂಭಾವನೆಯಿಲ್ಲದೆ ಜೊತೆಗೆ ನಿಲ್ಲುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಕ್ಷೇತ್ರ ಸಮೀಕ್ಷಕ